ಫೈವ್ ಗಾರ್ಡನ್ಸ್ ಮತ್ತು ನನ್ನದೊಂದು ಸಹಿ

"ಊರಿನ ಬಗ್ಗೆ ಬರೆಯಬೇಡಿ, ಮಳೆಯ ಬಗ್ಗೆ ಬರೆಯಬೇಡಿ, ಅಜ್ಜಿಯ ಬಗ್ಗೆಯಂತೂ ಬೇಡವೇ ಬೇಡ" ಎಂದು ನಮ್ಮ ಸಂಪಾದಕ ಮಹಾಶಯರು ಈ ಸಲ ಮೊದಲೇ ಎಚ್ಚರಿಕೆ ಕೊಟ್ಟಿದ್ದಾರೆ. ಕಳೆದ ಸಂಚಿಕೆಯಲ್ಲಿ ಮೂವರು ಅಜ್ಜಿಯರು ಒಟ್ಟೊಟ್ಟಿಗೆ ಬಂದು ಕೂತಿದ್ದರಂತೆ! ಊರಿನ ಬಗ್ಗೆ ಬರೆಯಲು ನನಗೆ ಹೇಗೂ ಬಾರದು. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕುಂದಾಪುರವೆಂದರೆ ಮೇ ತಿಂಗಳ ಹದಿನೈದು ದಿನ, ಅಷ್ಟೆ. ಆದ್ದರಿಂದ ದಿನವೂ ಕಣ್ಣಿಗೆ ಬೀಳುವ ಮಾಟುಂಗಾದ ಬಗ್ಗೆಯೇ ಬರೆಯುತ್ತೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಬರುತ್ತದೆ. ಅದು ತಪ್ಪು ಹೌದೋ ಅಲ್ಲವೋ ಎಂಬುದನ್ನು ನೀವೇ ಹೇಳಬೇಕು.

ಮಾಟುಂಗಾ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಮೊದಲು ಎದುರಾಗುವುದು ವಾಸನೆ. ಮಲ್ಲಿಗೆಯದು, ಬಾಳೆಲೆಯದು, ಫಿಲ್ಟರ್ ಕಾಫಿಯದು. ಫಾಸ್ಟ್ ಲೋಕಲ್‌ಗಳು ಇಲ್ಲಿ ನಿಲ್ಲುವುದಿಲ್ಲ. ನಿಲ್ಲುವಷ್ಟು ಅವಸರವಿಲ್ಲದ ಜಾಗ ಇದು ಎಂದು ನಾನು ಗೆಳತಿಯರಿಗೆ ಹೇಳುವುದುಂಟು. ಸ್ಟೇಷನ್ನಿನ ಪಕ್ಕದಲ್ಲೇ 1942ರಿಂದ ನಡೆದು ಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಇನ್ನಷ್ಟು ನಡೆದರೆ ಭಾವು ದಾಜಿ ರಸ್ತೆಯಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್. ನಮ್ಮಲ್ಲಿ ಹಲವರು ನಾಟಕವೆಂಬುದನ್ನು ಮೊದಲು ಕಂಡದ್ದು ಅಲ್ಲಿಯೇ. ಇವನ್ನೆಲ್ಲ ದಾಟಿ ದಕ್ಷಿಣಕ್ಕೆ ಹೊರಳಿದರೆ ಗದ್ದಲ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತದೆ. ರಸ್ತೆ ಅಗಲವಾಗುತ್ತದೆ. ಮರಗಳು ಎರಡೂ ಕಡೆಯಿಂದ ಬಾಗಿ ಕೈ ಹಿಡಿದುಕೊಳ್ಳುತ್ತವೆ. ಅದೇ ಫೈವ್ ಗಾರ್ಡನ್ಸ್. ಒಂದೇ ದೊಡ್ಡ ತೋಟವನ್ನು ರಸ್ತೆಗಳು ಐದು ತುಂಡು ಮಾಡಿದ ಹಾಗೆ ಇದೆ. ಸುತ್ತ ಎರಡು ಮೂರು ಮಹಡಿಯ ಹಳೆಯ ಮನೆಗಳು. ನಡುವೆ ಕ್ರಿಕೆಟ್ಟು, ವಾಕಿಂಗು, ಪ್ರೇಮ, ಭೇಲ್‌ಪುರಿ, ಪರೀಕ್ಷೆಯ ಓದು, ಎಲ್ಲವೂ.

ಈ ತೋಟದಲ್ಲಿ ಕೂತು ಎರಡು ವರ್ಷ ಭೇಲ್ ತಿಂದೆನೇ ಹೊರತು ಇದು ಇಲ್ಲಿಗೆ ಹೇಗೆ ಬಂತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸಿವಿಲ್ ವಿದ್ಯಾರ್ಥಿನಿಯಾದ ನನಗೆ ಕಳೆದ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟ್ ಬಂತು: ಕಾಲೇಜಿನ ಸುತ್ತಲಿನ ಬಡಾವಣೆಯ ನಕ್ಷೆ, ರಸ್ತೆಯ ಅಗಲ, ಬಯಲಿನ ಅಳತೆ. ಟೇಪು ಹಿಡಿದು ಬೀದಿ ಬೀದಿ ಅಲೆದೆ, ಲೈಬ್ರರಿಯಲ್ಲಿ ಧೂಳು ಕುಡಿದೆ. ಆಗ ತಿಳಿದದ್ದು: ನಮ್ಮ ಈ ತೋಟ ಹುಟ್ಟಿದ್ದು ಒಂದು ರೋಗದಿಂದ!

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿ ಎಂಬ ಬಂದರಿನ ಪಕ್ಕದ ಕೇರಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೇಗಸ್ ಎಂಬವರು ಪ್ಲೇಗನ್ನು ಗುರುತಿಸಿದರು. ಮುಂಬಯಿ ದಿಕ್ಕೆಟ್ಟು ಓಡಿತು. ಗಾಳಿ ಬೆಳಕಿಲ್ಲದ ಚಾಳುಗಳೇ ಪ್ಲೇಗಿನ ತವರು ಎಂದು ಸರಕಾರ ನಂಬಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಸಂಸ್ಥೆ ಎದ್ದಿತು. ಇದಕ್ಕೆ ಎರಡು ಕೆಲಸ. ಒಂದು, ಹಳೆಯ ಊರಿನ ಹೊಟ್ಟೆ ಸೀಳಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡುಗಳಂಥ ಅಗಲ ರಸ್ತೆ ಮಾಡಿ ಸಮುದ್ರದ ಗಾಳಿ ಒಳಗೆ ಬಿಡುವುದು. ಇನ್ನೊಂದು, ಉತ್ತರದ ಬಯಲಿನಲ್ಲಿ ಹೊಸ ಊರು ಕಟ್ಟುವುದು. ದಾದರ್, ಮಾಟುಂಗಾ, ವಡಾಲಾ, ಸಾಯನ್ ಎಂದು ನಾವು ಇಂದು ಕಂಡಕ್ಟರಿಗೆ ಹೇಳುವ ಹೆಸರುಗಳೆಲ್ಲ ಆ ಯೋಜನೆಯ ಕಾಗದದ ಮೇಲೆ ಒಟ್ಟಿಗೆ ಬಂದವು.

ಅದಕ್ಕೆ ಮುಂಚೆ ಮಾಟುಂಗಾ ಎಂದರೆ ಊರ ಹೊರಗಿನ ಜಾಗ. ಊರಿಗೆ ಬೇಡವಾದದ್ದನ್ನು ಇಡುವ ಜಾಗ. 1890ರಲ್ಲಿ ಮುನಿಸಿಪಲ್ ಕಮಿಷನರ್ ಆಕ್‌ವರ್ತ್ ಸಾಹೇಬರು ಬೀದಿಯಲ್ಲಿದ್ದ ಕುಷ್ಠರೋಗಿಗಳಿಗೆಂದು ಆಶ್ರಮ ಕಟ್ಟಿಸಿದ್ದು ಇದೇ ದಿಕ್ಕಿನಲ್ಲಿ. ಇಂದು ಅದು ವಡಾಲಾದ ಆಕ್‌ವರ್ತ್ ಆಸ್ಪತ್ರೆ. ಹೆಸರಿನ ಬಗ್ಗೆ ಬೇರೆ ಕಥೆ ಇದೆ. ಮಾಹೀಮಿನಲ್ಲಿ ಆಳುತ್ತಿದ್ದ ಭೀಮದೇವ ರಾಜನ ಆನೆಗಳು ಇಲ್ಲಿ ಇದ್ದವಂತೆ. ಮಾತಂಗದಿಂದ ಮಾಟುಂಗಾ ಆಯಿತಂತೆ. ಆನೆಯ ಮಾತು ನಿಜವೋ ಸುಳ್ಳೋ, ಕೇಳಲಿಕ್ಕೆ ಚೆನ್ನಾಗಿದೆ.

ನನಗೆ ತುಂಬ ಇಷ್ಟವಾದದ್ದು ಟ್ರಸ್ಟಿನ ಒಂದು ಲೆಕ್ಕ. ಟ್ರಸ್ಟಿನ ಅಧ್ಯಕ್ಷರಾಗಿದ್ದ ಜೆ. ಪಿ. ಆರ್ ಎಂಬವರು 63½ ಡಿಗ್ರಿಯ ನಿಯಮಕ್ಕಾಗಿ ಹಟ ಹಿಡಿದರು. ಮನೆಯ ಗೋಡೆಯ ಬುಡದಲ್ಲಿ ನಿಂತು ಎದುರಿನ ಕಟ್ಟಡದ ತುದಿಗೆ ಒಂದು ಗೆರೆ ಎಳೆಯಿರಿ. ಆ ಗೆರೆ ನೆಲದಿಂದ 63½ ಡಿಗ್ರಿಗಿಂತ ಮೇಲೆ ಏರಬಾರದು. ಅದಕ್ಕಿಂತ ಮೇಲಿನದೆಲ್ಲ ಆಕಾಶಕ್ಕೆ ಸೇರಿದ್ದು. ತ್ರಿಕೋನಮಿತಿ ನೆನಪಿರುವವರಿಗೆ ಗೊತ್ತು, 63½ರ ಟ್ಯಾನ್ ಸರಿಸುಮಾರು 2. ಅಂದರೆ ಎದುರಿನ ಕಟ್ಟಡ 40 ಅಡಿ ಎತ್ತರವಿದ್ದರೆ ನಡುವೆ 20 ಅಡಿ ಬಯಲು ಬೇಕು. ನೆಲಮಾಳಿಗೆಯವನಿಗೂ ಒಂದು ಚೂರು ಆಕಾಶ! ಪ್ಲೇಗು ಬರುವುದು ಕೆಟ್ಟ ಗಾಳಿಯಿಂದಲ್ಲ, ಇಲಿಯ ಮೈಮೇಲಿನ ಚಿಗಟದಿಂದ ಎಂಬುದು ಆಮೇಲೆ ಖಚಿತವಾಯಿತು. ಆದರೂ ತಪ್ಪು ತಿಳುವಳಿಕೆಯಿಂದ ಹುಟ್ಟಿದ ಆ ಬಯಲು ಮಾತ್ರ ಉಳಿಯಿತು. ಎಷ್ಟೋ ಸರಿ ತಿಳುವಳಿಕೆಗಳಿಂದ ಇಷ್ಟು ಒಳ್ಳೆಯದು ಆಗಿಲ್ಲ ಎಂದೆನಿಸಿತು.

ಇದೇ ಟ್ರಸ್ಟಿನಲ್ಲಿ ಎಂಜಿನಿಯರಾಗಿದ್ದವರು ಮಂಚೇರ್ಜಿ ಜೋಶಿ. ಮಧ್ಯಮ ವರ್ಗದ ಪಾರ್ಸಿಗಳಿಗೆಂದು 103 ನಿವೇಶನಗಳನ್ನು ತೆಗೆದಿರಿಸುವಂತೆ ಅವರು ಟ್ರಸ್ಟನ್ನು ಒಪ್ಪಿಸಿದರು. ಹಾಗೆ ದಾದರ್ ಪಾರ್ಸಿ ಕಾಲನಿ ಬೆಳೆಯಿತು. ಮುಂಬಯಿಯ ಬೇರೆ ಪಾರ್ಸಿ ಬಾಗ್‌ಗಳಿಗೆ ಗೋಡೆಯುಂಟು, ಗೇಟುಂಟು. ಇದಕ್ಕೆ ಗೋಡೆ ಇಲ್ಲ. ಯಾರು ಬೇಕಾದರೂ ಇದರ ರಸ್ತೆಯಲ್ಲಿ ನಡೆದು ಹೋಗಬಹುದು. ಅಲ್ಲಿ ಅವರ ಪ್ರತಿಮೆ ಇದೆ; ತೋಟಕ್ಕೂ ಅವರ ಹೆಸರೇ. ಪಕ್ಕದಲ್ಲಿ ಹಿಂದೂ ಕಾಲನಿ, ಈಚೆಗೆ ದಕ್ಷಿಣದಿಂದ ಬಂದ ಟೈಪಿಸ್ಟರು, ಗುಮಾಸ್ತರು, ಮೇಷ್ಟ್ರುಗಳು ತುಂಬಿದ ಮಾಟುಂಗಾ. 1923ರಲ್ಲಿ ವಿಜೆಟಿಐ ಇಲ್ಲಿಗೆ ಬಂತು. 1937ರಲ್ಲಿ ರುಯಿಯಾ, ಖಾಲ್ಸಾ ಕಾಲೇಜುಗಳು ಹುಟ್ಟಿದವು. 1943ರಲ್ಲಿ ಯುಡಿಸಿಟಿ ಬಂತು. ರೋಗಿಗಳನ್ನು ಕಳಿಸುತ್ತಿದ್ದ ದಿಕ್ಕಿಗೆ ಐವತ್ತೇ ವರ್ಷದಲ್ಲಿ ವಿದ್ಯಾರ್ಥಿಗಳು ಬರತೊಡಗಿದರು. ಎರಡೂ ಒಂದೇ ಎಂದು ನಮ್ಮ ಪ್ರಾಧ್ಯಾಪಕರೊಬ್ಬರು ತಮಾಷೆ ಮಾಡುತ್ತಾರೆ, ಇರಲಿ.

ಇಷ್ಟೆಲ್ಲ ಬರೆದು ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ಈಗ ನನ್ನ ಸಹಿಯ ಕಥೆ.

*

ಒಂದು ಸಂಜೆ ತೋಟದಲ್ಲಿ ನಾವು ನಾಲ್ವರು ಹುಡುಗಿಯರು ಕೂತಿದ್ದೆವು. ದಿನವೂ ವಾಕಿಂಗ್ ಬರುವ ಒಬ್ಬ ಆಂಟಿ ಕೈಯಲ್ಲಿ ಹಾಳೆ ಹಿಡಿದು ಬಂದರು. ಒಳ್ಳೆಯ ಹೆಂಗಸು. ನಮ್ಮನ್ನು "ಬೇಟಾ" ಎನ್ನದೆ ಮಾತಾಡಿಸಿದವರಲ್ಲ. ತೋಟದ ಬೆಂಚುಗಳ ಮೇಲೆ ಮಧ್ಯಾಹ್ನ ಯಾರು ಯಾರೋ ಬಂದು ಮಲಗುತ್ತಾರೆ, ರಾತ್ರಿ ಗುಂಪು ಕೂಡುತ್ತಾರೆ. ಆದ್ದರಿಂದ ಗೇಟು ಮುಚ್ಚುವ ಹೊತ್ತನ್ನು ಇನ್ನೂ ಬಿಗಿ ಮಾಡಬೇಕು, ಹೊರಗಿನವರನ್ನು ಒಳಗೆ ಬಿಡಬಾರದು ಎಂದು ಮುನಿಸಿಪಾಲಿಟಿಗೆ ಅರ್ಜಿ. "ತುಮ್ಹಾರೇ ಲಿಯೇ ಹೀ ತೋ ಹೈ, ಬೇಟಾ" ಎಂದರು.

ಸುಳ್ಳು ಹೇಳಬಾರದು. ನನಗೂ ಕಾರಣವಿತ್ತು. ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಚಿನ ಮೇಲೆ ಒರಗಿದ ಒಬ್ಬ ನಾವು ದಾಟಿ ಹೋಗುವ ತನಕ ಕಣ್ಣು ಕೀಳದೆ ನೋಡಿದ್ದು, ಪ್ರಾಕ್ಟಿಕಲ್ ಮುಗಿಸಿ ತಡವಾಗಿ ಹೊರಟಾಗ ದೀಪವಿಲ್ಲದ ಮೂಲೆಯಲ್ಲಿ ಯಾರೋ ಶಿಳ್ಳೆ ಹಾಕಿದ್ದು, ಬ್ಯಾಗನ್ನು ಎದೆಗೆ ಅವಚಿಕೊಂಡು ಸ್ಟೇಷನ್ನಿನ ತನಕ ಓಡಿದ್ದು, ಎಲ್ಲ ನೆನಪಿಗೆ ಬಂತು. ಹಾಳೆಯನ್ನು ಪೂರ್ತಿ ಓದಲಿಲ್ಲ. ಪೆನ್ನು ತೆಗೆದು ಸಹಿ ಹಾಕಿದೆ, ಕೆಳಗೆ ಗೆರೆ ಬೇರೆ ಎಳೆದೆ.

ಆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಸ್ವಲ್ಪ ಜಂಬದಿಂದಲೇ ಹೇಳಿದೆ ಅನ್ನಿ. ಅಪ್ಪಯ್ಯ ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು.

"ಯಾವ ಗಾರ್ಡನ್ ಅಂದೆ?"

"ಫೈವ್ ಗಾರ್ಡನ್ಸ್, ಅಪ್ಪಯ್ಯ."

"ಅಲ್ಲ್ ಯಾರ್ ಮನಿಕಂತ್ರ್?"

"ಯಾರೋ. ಹೋಟೆಲಿನ ಹುಡುಗರು, ಡೆಲಿವರಿಯ ಹುಡುಗರು. ಹೊರಗಿನವರು."

ಅಪ್ಪಯ್ಯ ಸಾರು ಹಾಕಿಸಿಕೊಂಡರು. ಎರಡು ತುತ್ತು ಉಂಡರು. ಆಮೇಲೆ ತಟ್ಟೆಯನ್ನೇ ನೋಡುತ್ತ ಹೇಳಿದರು: "ನಾನೂ ಅಲ್ಲೇ ಓದದ್ದ್, ಮಗಾ. ಮನಿಕಂಡದ್ದೂ ಇತ್ತ್."

ಅಪ್ಪಯ್ಯ ಹೋಟೆಲಿನಲ್ಲಿದ್ದವರು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನಮ್ಮಲ್ಲಿ ಎಷ್ಟು ಜನರ ಅಪ್ಪಂದಿರು ಹಾಗೆ ಬಂದವರಲ್ಲ ಹೇಳಿ? ಆದರೆ ಮಾಟುಂಗಾದಲ್ಲಿ, ನನ್ನ ಕಾಲೇಜಿನಿಂದ ಹತ್ತು ನಿಮಿಷದ ದಾರಿಯಲ್ಲಿ ಎಂಬುದನ್ನು ಅವರು ಹೇಳಿರಲಿಲ್ಲ. ನನಗೆ ಸೀಟು ಸಿಕ್ಕಿದ ದಿನವೂ ಹೇಳಿರಲಿಲ್ಲ. ಅಡ್ಮಿಶನ್ನಿಗೆ ನನ್ನ ಜೊತೆ ಬಂದಾಗ ದಾರಿ ಕೇಳದೆ ನೆಟ್ಟಗೆ ನಡೆದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಅಪ್ಪಯ್ಯ ಬಂದದ್ದು 1979ರಲ್ಲಿ, ಹದಿಮೂರನೆಯ ವಯಸ್ಸಿಗೆ. (ಚಿತ್ತಾಲರ 'ಶಿಕಾರಿ' ಹೊರಬಂದದ್ದೂ ಅದೇ ವರ್ಷ. ಮುಂಬಯಿಯಲ್ಲಿ ಆಗ ಎರಡು ಬಗೆಯ ಕನ್ನಡಿಗರಿದ್ದರು ಎಂದು ಇದರಿಂದ ತಿಳಿಯುತ್ತದೆ.) ಕೊಂಕಣ ರೈಲು ಇನ್ನೂ ಕನಸಿನಲ್ಲೂ ಇರಲಿಲ್ಲ. ಊರಿನವರೊಬ್ಬರ ಜೊತೆ ಬಸ್ಸಿನಲ್ಲಿ ಬಂದು, ಘಾಟಿಯಲ್ಲಿ ವಾಂತಿ ಮಾಡಿ, ಮಾಟುಂಗಾದ ಒಂದು ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋದರು. ಮೊದಲು ಗ್ಲಾಸು ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು. ಸಂಜೆ ಕನ್ನಡದ ರಾತ್ರಿಶಾಲೆ. ಶಾಲೆಯಿಂದ ಬಂದರೆ ಮತ್ತೆ ಕೆಲಸ, ಹೋಟೆಲ್ ಮುಚ್ಚುವ ತನಕ. ಮುಚ್ಚಿದ ಮೇಲೆ ಟೇಬಲುಗಳನ್ನು ಒತ್ತಟ್ಟಿಗೆ ಸರಿಸಿ ಹುಡುಗರೆಲ್ಲ ಮಲಗುವುದು. ದೀಪ ಆರಿಸಲೇಬೇಕು, ಕರೆಂಟಿನ ಬಿಲ್ಲು ಧಣಿಗಳದ್ದಲ್ಲವೇ?

"ಹಾಂಗಾರೆ ಓದೂದ್ ಎಲ್ಲಿ?" ಎಂದು ಅಪ್ಪಯ್ಯ ನನ್ನನ್ನೇ ಕೇಳಿದರು. ಫೈವ್ ಗಾರ್ಡನ್ಸಿನ ಅಂಚಿನ ದೀಪದ ಕಂಬದ ಕೆಳಗೆ ಓದಿದರಂತೆ. ಇನ್ನೂ ಇಬ್ಬರಿದ್ದರಂತೆ ಜೊತೆಗೆ. ಒಬ್ಬ ಮಾಲಿ ಕಂಡರೂ ಕಾಣದವನಂತೆ ಹೋಗುತ್ತಿದ್ದ. ಇನ್ನೊಬ್ಬ ಕೋಲು ತಟ್ಟಿ ಎಬ್ಬಿಸುತ್ತಿದ್ದ. ಮಧ್ಯಾಹ್ನ ಊಟದ ರಶ್ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ತನಕ ಸಿಗುವ ಎರಡು ಗಂಟೆಯಲ್ಲಿ, ಪರೀಕ್ಷೆ ಇದ್ದರೆ ಓದು, ಇಲ್ಲದಿದ್ದರೆ ನಿದ್ದೆ. ಎಸ್ಸೆಸ್ಸಿಯಲ್ಲಿ ಒಮ್ಮೆ ಗಣಿತದಲ್ಲಿ ಹೋಯಿತು. ಎರಡನೆಯ ಸಲ ಪಾಸಾಯಿತು. ಪಾಸಾದದ್ದರಿಂದ ಟೇಬಲಿನಿಂದ ಗಲ್ಲೆಗೆ ಬಂದರು. ಗಲ್ಲೆಯಿಂದ ಒಂದು ಆಫೀಸಿನ ಕ್ಯಾಂಟೀನಿಗೆ, ಅಲ್ಲಿಂದ ಡೊಂಬಿವಲಿಯ ಒಂದೂವರೆ ಕೋಣೆಗೆ, ಅಲ್ಲಿಂದ ನಾನು.

"ಆ ಹೆಂಗ್ಸ್ ಹೇಳೂದೂ ಸುಳ್ಳಲ್ಲ" ಎಂದು ಕೈ ತೊಳೆಯುತ್ತ ಸೇರಿಸಿದರು. "ಹೆಣ್ಮಕ್ಕಳಿಗೆ ಹೆದ್ರಿಕೆ ಆಪ್ದಿದ್ರೆ ಅದೂ ನಿಜವೇ. ನೀ ಸೈ ಹಾಕದ್ದ್ ತಪ್ಪ್ ಅಂತ ನಾ ಹೇಳ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು.

*

ರಾತ್ರಿ ನಿದ್ದೆ ಬರಲಿಲ್ಲ. ನನ್ನ ಒಳ್ಳೆಯ ಅಂಕದ ಪ್ರಾಜೆಕ್ಟನ್ನು ಮತ್ತೆ ತೆಗೆದೆ. ಬಯಲಿನ ಅಳತೆ ಇತ್ತು, ರಸ್ತೆಯ ಅಗಲ ಇತ್ತು, 63½ ಡಿಗ್ರಿ ಇತ್ತು. ಆ ಬಯಲಿನಲ್ಲಿ ಯಾರು ಕೂರಬಹುದು ಎಂಬುದು ಮಾತ್ರ ಇರಲಿಲ್ಲ. ಇನ್ನೊಂದು ಸಂಗತಿಯನ್ನೂ ನಾನು ಓದಿ, ಬರೆಯದೆ ಬಿಟ್ಟಿದ್ದೆ. ಟ್ರಸ್ಟು ಹಳೆಯ ಊರಿನಲ್ಲಿ ಕೆಡವಿದಷ್ಟು ಬಡವರ ಮನೆಗಳನ್ನು ತಿರುಗಿ ಕಟ್ಟಿಕೊಡಲಿಲ್ಲ. ಮನೆ ಕಳೆದುಕೊಂಡವರು ಮಾಟುಂಗಾಕ್ಕೆ ಬರಲಿಲ್ಲ. ಬಾಡಿಗೆ ಕೊಡಬಲ್ಲವರು ಬಂದರು. ಅವರಿಗೆ ಇಡ್ಲಿ ಬೇಯಿಸಲು, ಬಟ್ಟೆ ಒಗೆಯಲು ಬೇಕಾದವರು ಬಂದರು. ಆ ಎರಡನೆಯವರಿಗೆ ನಕ್ಷೆಯಲ್ಲಿ ಜಾಗ ಇರಲಿಲ್ಲ. ಅವರ ಪಾಲಿಗೆ ಇದ್ದದ್ದು ತೋಟ ಒಂದೇ.

ಟ್ರಸ್ಟು ಕೂಲಿಗಳಿಗೆಂದು ಪರೇಲಿನಲ್ಲಿ ಒಂಟಿ ಕೋಣೆಯ ಚಾಳುಗಳನ್ನೂ ಕಟ್ಟಿತ್ತು. ಬಿ.ಐ.ಟಿ. ಚಾಳು ಎಂದರೆ ಈಗಲೂ ಮುಂಬಯಿಯವರಿಗೆ ಗೊತ್ತು. ಅಂಥದೊಂದು ಚಾಳಿನಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಇದ್ದವರು ಡಾ. ಬಾಬಾಸಾಹೇಬ ಅಂಬೇಡ್ಕರರು. 1930ರ ದಶಕದಲ್ಲಿ ಅವರು ಪುಸ್ತಕಗಳಿಗೆಂದೇ ಕಟ್ಟಿಸಿಕೊಂಡ 'ರಾಜಗೃಹ' ನಮ್ಮ ತೋಟದಿಂದ ದೂರವಿಲ್ಲ, ಹಿಂದೂ ಕಾಲನಿಯಲ್ಲಿದೆ. ಅವರ ಬಾಲ್ಯದ ಒಂದು ಪ್ರಸಂಗ ನಿಮಗೂ ಗೊತ್ತಿರಬಹುದು. ಮನೆಯಲ್ಲಿ ಓದಲು ಜಾಗವಿಲ್ಲದ ಹುಡುಗ ಭೀಮರಾವ್ ಸಂಜೆ ಚರ್ನಿ ರೋಡಿನ ತೋಟದಲ್ಲಿ ಕೂತು ಓದುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು ಈ ಹುಡುಗನನ್ನು ಗಮನಿಸಿ ಮಾತಾಡಿಸಿದರು. 1907ರಲ್ಲಿ ಹುಡುಗ ಮೆಟ್ರಿಕ್ ಪಾಸಾದಾಗ ತಾವು ಬರೆದ ಗೌತಮ ಬುದ್ಧನ ಚರಿತ್ರೆಯನ್ನು ಕಾಣಿಕೆ ಕೊಟ್ಟರು. ಆಮೇಲೆ ಕಾಲೇಜಿಗೆ ಬರೋಡೆಯ ಮಹಾರಾಜರ ನೆರವು ಸಿಗುವುದಕ್ಕೂ ಅವರೇ ದಾರಿಯಾದರು. ಚರ್ನಿ ರೋಡಿನ ತೋಟದಲ್ಲಿ ಅಂದು ಯಾರಾದರೂ ಹಾಳೆ ಹಿಡಿದು, "ಹೊರಗಿನವರು ಬರಬಾರದು" ಎಂದು ಸಹಿ ಕೂಡಿಸಿದ್ದರೆ? 1927ರಲ್ಲಿ ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದಾಗ ಅವರು ಹೇಳಿದ್ದೂ ಇಷ್ಟೇ ಅಲ್ಲವೇ: ಸಾರ್ವಜನಿಕ ಎಂದಮೇಲೆ ಅದು ಎಲ್ಲರದು.

ನನ್ನ ಅಪ್ಪಯ್ಯನನ್ನು ನಾನು ಯಾರ ಜೊತೆಗೂ ಹೋಲಿಸುತ್ತಿಲ್ಲ. ಅವರು ಗಣಿತದಲ್ಲಿ ಒಮ್ಮೆ ಫೇಲಾದವರು. ಆದರೆ ತೋಟವು ಬೆಂಚಿನ ಮೇಲೆ ಕೂತವನು ಮುಂದೆ ಏನಾಗುತ್ತಾನೆ ಎಂದು ಕೇಳಿ ಜಾಗ ಕೊಡುವುದಿಲ್ಲ. ಅದಕ್ಕೇ ಅದು ತೋಟ.

ಮಾರನೆಯ ದಿನ ಆಂಟಿಯನ್ನು ಹುಡುಕಿ ನನ್ನ ಹೆಸರು ಹೊಡೆದುಹಾಕಿ ಎಂದೆ. ಹಾಳೆ ಆಗಲೇ ಹೋಗಿತ್ತು. ಯಾಕೆ ಎಂದು ಕೇಳಿದರು, ಹೇಳಿದೆ. ಅವರು ಬೇಸರಪಡಲಿಲ್ಲ. "ತುಮ್ಹಾರೇ ಪಿತಾಜೀ ಕೀ ಬಾತ್ ಅಲಗ್ ಹೈ" ಎಂದರು. ಎಲ್ಲರ ಅಪ್ಪಂದಿರ ಮಾತೂ ಅಲಗ್ ಅಲ್ಲವೇ ಆಂಟಿ ಎನ್ನಬೇಕೆಂದಿದ್ದೆ. ಹಿಂದಿಯಲ್ಲಿ ಬಾಯಿಗೆ ಬರಲಿಲ್ಲ.

ಆದರೆ ನನ್ನ ಹೆದರಿಕೆ? ಅಪ್ಪಯ್ಯನ ಕಥೆ ಕೇಳಿದ ಮಾತ್ರಕ್ಕೆ ಅದು ಹೋಗಿರಲಿಲ್ಲ. ಅಂದೂ ಕತ್ತಲಾದ ಮೇಲೆ ಆ ಮೂಲೆ ಬಂದಾಗ ಬ್ಯಾಗು ತಾನಾಗಿಯೇ ಎದೆಗೆ ಬಂತು. ಆಗ ತಲೆಯೆತ್ತಿ ನೋಡಿದರೆ, ಆ ಮೂಲೆಯ ಕಂಬದಲ್ಲಿ ದೀಪವೇ ಇಲ್ಲ! ಅಪ್ಪಯ್ಯನಿಗೆ ಓದಲು ಬೇಕಾಗಿದ್ದದ್ದು ಏನು? ದೀಪ. ನನಗೆ ಹೆದರದೆ ನಡೆಯಲು ಬೇಕಾದದ್ದು ಏನು? ಅದೇ ದೀಪ. ಜೊತೆಗೆ ಹತ್ತು ಜನ. ಖಾಲಿ ತೋಟಕ್ಕೆ ಹೆದರುತ್ತೇನೆಯೇ ಹೊರತು ತುಂಬಿದ ತೋಟಕ್ಕೆ ನಾನು ಎಂದೂ ಹೆದರಿಲ್ಲ. ಬೀಗ ಹಾಕಿದರೆ ತೋಟದ ಒಳಗೇನೋ ಯಾರೂ ಇರುವುದಿಲ್ಲ. ಹೊರಗಿನ ರಸ್ತೆಯಲ್ಲಿ ನಾನು ಇನ್ನೂ ಒಂಟಿ.

ಹೀಗೂ ಆಗಬಹುದು ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಕಿಂಗ್ಸ್ ಸರ್ಕಲ್ಲಿನ ಫ್ಲೈಓವರಿನ ಕೆಳಗೆ ಗಾಡಿ ನಿಲ್ಲಿಸಿ ಕಸ ತುಂಬಿಸುವ ಬದಲು ತೋಟ ಮಾಡಿ ಎಂದು ಸುತ್ತಲಿನ ಜನ ವರ್ಷಗಟ್ಟಲೆ ಬೆನ್ನು ಹತ್ತಿದರು. 2016ರಲ್ಲಿ ಅಲ್ಲಿ ನಾನಾಲಾಲ್ ಡಿ. ಮೆಹ್ತಾ ಉದ್ಯಾನ ಬಂತು. ನರ್ಮದಾ ನದಿಯ ಹರಿವಿನ ಹಾಗೆ ಬಳುಕುವ ನೀಲಿ ಹಾದಿ, ತಲೆಯ ಮೇಲೆ ಲಾರಿಗಳ ಗುಡುಗು, ಕೆಳಗೆ ಮುದುಕರ ಹರಟೆ. 63½ ಡಿಗ್ರಿಯ ಆಕಾಶ ಅಲ್ಲಿ ಒಂದು ಚೂರೂ ಇಲ್ಲ. ಆದರೂ ಜನ ಇದ್ದಾರೆ.

ಹಾಗಾಗಿ ನಾನೂ ಒಂದು ಅರ್ಜಿ ಬರೆದೆ, ಎಫ್ ನಾರ್ತ್ ವಾರ್ಡ್ ಆಫೀಸಿಗೆ. ಬೀಗ ಬೇಡ, ದೀಪ ಬೇಕು ಎಂಬುದೇ ಅದರ ಸಾರ. ದೀಪವಿಲ್ಲದ ಕಂಬಗಳನ್ನು ನಕ್ಷೆಯಲ್ಲಿ ಗುರುತಿಸಿ ಜೊತೆಗಿಟ್ಟಿದ್ದೇನೆ. ಪ್ರಾಜೆಕ್ಟು ಅಷ್ಟಕ್ಕಾದರೂ ಬಂತು. ರಾತ್ರಿ ಕಾವಲಿಗೆ ಒಬ್ಬರು, ಬೇಕಾದರೆ ಹೆಂಗಸರೇ, ಇರಲಿ ಎಂದೂ ಬರೆದಿದ್ದೇನೆ.

ಹೋದ ಭಾನುವಾರ ಅಪ್ಪಯ್ಯನನ್ನು ಕರೆದುಕೊಂಡು ಹೋದೆ. ಬಾರೆನೆಂದರು, ಬಂದರು. ತಮ್ಮ ಕಂಬ ಯಾವುದೆಂದು ಹುಡುಕಿದರು. ಕಂಬ ಬದಲಾಗಿದೆ, ಜಾಗ ಇದೇ ಎಂದರು. ಬೆಂಚಿನ ಮೇಲೆ ಒಬ್ಬ ಹುಡುಗ ಹೆಲ್ಮೆಟ್ಟನ್ನು ತಲೆದಿಂಬು ಮಾಡಿ ಮಲಗಿದ್ದ. ಅವನನ್ನು ಎಬ್ಬಿಸದೆ ಆ ತುದಿಯಲ್ಲಿ ಅಪ್ಪಯ್ಯ ಕೂತರು. ಅರ್ಜಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ ಓದಿದರು, ಒಂದು ಕಾಗುಣಿತದ ತಪ್ಪು ತೋರಿಸಿದರು, ಆಮೇಲೆ ಸಹಿ ಮಾಡಿದರು. ಕನ್ನಡದಲ್ಲಿ. ವಾರ್ಡ್ ಆಫೀಸಿನಲ್ಲಿ ಅದನ್ನು ಯಾರು ಓದುತ್ತಾರೋ ನೋಡೋಣ.

ಈಗ ಅದರಲ್ಲಿ ಒಂಬತ್ತು ಸಹಿಗಳಿವೆ. ಹಾಳೆಯನ್ನು ನಮ್ಮ ಬಳಗದ ಕೋಣೆಯಲ್ಲಿ ಕಪಾಟಿನ ಮೇಲೆ ಇಟ್ಟಿದ್ದೇನೆ. ಮನಸ್ಸಾದರೆ ನೀವೂ ಸಹಿ ಮಾಡಿ, ಆಗದಿದ್ದರೆ ಬಿಡಿ. ಓದದೆ ಮಾತ್ರ ಮಾಡಬೇಡಿ.